ಮಂಗಳಕ್ಕ ಮತ್ತು ಉರಿಯದ ಕೆಂಪು ದೀಪ

“ಅಮ್ಮಾ, ಕಾರಿಗೆ ಕಿವಿ ಎಲ್ಲೈತೆ? ಮಂಗಳತ್ತೆ ಅಷ್ಟೊಂದು ಬೈತಾರಲ್ಲ, ಅದಕ್ಕೆ ಕೇಳ್ಸುತ್ತಾ?”

ಮಧ್ಯಾಹ್ನ ಅನ್ನ ಕಲಸಿ ತುತ್ತು ಕೊಡುತ್ತಿದ್ದಾಗ ಅಂಜಲಿ ಕೇಳಿದಳು. ನಗು ಬಂತು. ಆದರೆ ಐದು ವರ್ಷದ ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಶ್ರೀರಾಂಪುರದ ಬಸ್ ಸ್ಟ್ಯಾಂಡ್ ಎದುರು ಯಾವುದಾದರೂ ಗಾಡಿಯ ಬಾನೆಟ್ಟಿನೊಳಗಿಂದ “ಏಯ್ ಸೋಮಾರಿ, ಹೊಸ ಬೆಲ್ಟು ಹಾಕೀನಿ, ಇನ್ನೇನು ಬೇಕು ನಿಂಗೆ?” ಎಂಬ ಗದರಿಕೆ ಕೇಳಿದರೆ ಅದು ಮಂಗಳಕ್ಕನದೇ.

ಮಂಗಳಕ್ಕ ಮತ್ತೋಡಿನ ಕುರಿ ಸಾಕುವ ಮನೆಯ ಮಗಳು. ಅಣ್ಣ ಕೆಂಚಣ್ಣ ಇಲ್ಲಿ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಅವನಿಗೆ ಬುತ್ತಿ ತಂದುಕೊಟ್ಟು ಸುಮ್ಮನೆ ಕೂರಲಾರದೆ ತಾನೂ ಸುತ್ತತೊಡಗಿದವಳು, ಬರಬರುತ್ತಾ ಅಣ್ಣನಿಗಿಂತ ಒಪ್ಪವಾಗಿ ಸುತ್ತಿದಳು. ಅವನು ಹಿರಿಯೂರಲ್ಲಿ ದೊಡ್ಡ ಅಂಗಡಿ ಹಾಕಿದಾಗ ಇದು ಇವಳ ಪಾಲಿಗೆ ಬಂತು. ಕುರಿ ಸಾಗಿಸುವ ಹಳೆಯ ವ್ಯಾನುಗಳ ಕರೆಂಟಿನ ಕೆಲಸವೂ ಒಂದೊಂದಾಗಿ ಇವಳ ಕೈಗೇ ಬಂತು. ಬೋರ್ಡು ಬರೆಯುವವನು ‘ಮಂಗಳಾ ಆಟೋ ಎಲೆಕ್ಟ್ರಿಕಲ್ಸ್’ ಎಂದು ಬರೆದು, ಕೆಳಗೆ ಮಾಲೀಕರು ಅಂತ ಅವಳ ಗಂಡ ರಂಗೇಶಣ್ಣನ ಹೆಸರು ಹಾಕಿಬಿಟ್ಟಿದ್ದನಂತೆ. “ಅವ್ರು ಕುರಿಗೆ ಮಾಲೀಕರು. ಇದಕ್ಕೆ ನಾನು,” ಎಂದು ಅಳಿಸಿ ಬರೆಸಿದಳು. ಆಗ ಏಣಿ ಹಿಡಿದು ನಿಂತಿದ್ದವರು ರಂಗೇಶಣ್ಣನೇ!

ಅಂಥವಳ ಹೆಸರಿಗೆ ಕುತ್ತು ತಂದದ್ದು ನಮ್ಮ ಮನೆಯ ಹಳೇ ಮಾರುತಿ ಕಾರು. ಅದು ನನ್ನ ಮಾವ ಚಿತ್ರಲಿಂಗಪ್ಪನವರದು, ಓಡಿಸುವುದು ಹೆಚ್ಚಾಗಿ ಮೈದುನ ದುರ್ಗೇಶ್. ಹೋದ ತಿಂಗಳು ಬ್ಯಾಟರಿ ಪದೇ ಪದೇ ಇಳಿದು ಕಾರು ನಿಲ್ಲತೊಡಗಿತು. ಮಂಗಳಕ್ಕ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಬಿಚ್ಚಿ ಅದರೊಳಗಿನ ಸವೆದ ಕಾರ್ಬನ್ ತುಂಡು ಬದಲಾಯಿಸಿದಳು. “ರೇಸ್ ಮಾಡ್ಲೇ!” ಎಂದು ಮುಂದೆ ನಿಂತು ಕೂಗಿದಳು, ದುರ್ಗೇಶ್ ಊರಿಗೇ ಕೇಳುವಂತೆ ಆಕ್ಸಿಲರೇಟರ್ ಒತ್ತಿದ, ಮೀಟರಿನ ಮುಳ್ಳು ಹದಿನಾಲ್ಕು ವೋಲ್ಟಿಗೆ ಹೋಯಿತು, ಅಂದರೆ ಚಾರ್ಜ್ ಆಗುತ್ತಿದೆ ಎಂದರ್ಥ. ಆದರೆ ಕಾರು ಅವಳ ಅಂಗಡಿಗೆ ಮರಳಿ ಬಂದದ್ದು ತಳ್ಳಿಸಿಕೊಂಡು. ಎರಡನೇ ಸಲ ತುಕ್ಕು ಹಿಡಿದ ಅರ್ಥ್ ತಂತಿ ಸರಿಮಾಡಿದಳು. ಮತ್ತೆ ಹದಿನಾಲ್ಕು. ಮತ್ತೆ ತಳ್ಳಾಟ.

ಪಕ್ಕದ ಟೀ ಅಂಗಡಿಯ ಬೀರೇಶ್ ಬಿಡುತ್ತಾನೆಯೇ? “ಏನ್ ಮಂಗಳಕ್ಕಾ, ಕಾರು ನಿಂದಾ, ಚಿತ್ರಲಿಂಗಪ್ಪಂದಾ? ಯಾವಾಗ್ ನೋಡಿದ್ರೂ ಇಲ್ಲೇ ಇರ್ತೈತೆ!” ಕೂತವರೆಲ್ಲ ನಕ್ಕರು. ಅವರಲ್ಲಿ ವ್ಯಾನಿನವರೂ ಇದ್ದರು. ಅದೇ ವಾರ ಮತ್ತೋಡಿನ ವ್ಯಾನೊಂದು ಅವಳ ಅಂಗಡಿ ಮುಂದೆಯೇ ಹಾದು, ನಿಲ್ಲದೆ ಹೊಸದುರ್ಗಕ್ಕೆ ರಿಪೇರಿಗೆ ಹೋಯಿತು. ಮಾವನೂ ಹೇಳಿಯೇ ಬಿಟ್ಟರು: “ಇದೊಂದ್ ಸಲ ನೋಡವ್ವ. ಆಗ್ಲಿಲ್ಲಾಂದ್ರೆ ನಾನೂ ಹೊಸದುರ್ಗಕ್ಕೆ ಹಾಕ್ತೀನಿ.” ತವರಿನ ಗಾಡಿಗಳೇ ಕೈಬಿಟ್ಟರೆ ಅಂಗಡಿ ನಡೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ.

ಮೂರನೇ ಸಲ ದುರ್ಗೇಶ್ ಊರಲ್ಲಿರಲಿಲ್ಲ, ಬಿತ್ತನೆ ಬೀಜ ತರಲು ಬಬ್ಬೂರಿಗೆ ಹೋಗಿದ್ದ. ಅಕ್ಕಪಕ್ಕದವರಿಂದ ತಳ್ಳಿಸಿ ನಾನೇ ಕಾರು ಒಯ್ದೆ. ಮಾವ, ಅಂಜಲಿ ಜೊತೆಗಿದ್ದರು. ಬ್ಯಾಟರಿಯನ್ನು ಅಂಗಡಿಯಲ್ಲೇ ಚಾರ್ಜ್ ಮಾಡಿ ಕೂರಿಸಿದ ಮಂಗಳಕ್ಕ ಮೀಟರಿನ ತಂತಿಗಳನ್ನು ನನ್ನ ಕೈಗಿತ್ತಳು. “ಕಾವ್ಯ, ಹಿಂಗೆ ಒತ್ತಿ ಹಿಡ್ಕ. ಇವತ್ತು ಕೀ ನಾನೇ ತಿರುಗಿಸ್ತೀನಿ.” ಸೆರಗಿಗೆ ಕೈ ಒರೆಸಿಕೊಂಡು ಡ್ರೈವರ್ ಸೀಟಿನಲ್ಲಿ ಕುಳಿತಳು. ಅವಳು ಅಲ್ಲಿ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೀ ಅರ್ಧ ತಿರುಗಿಸಿದವಳು ಎದುರಿನ ಫಲಕದತ್ತ ಬಗ್ಗಿದಳು.

“ಬ್ಯಾಟರಿ ಗುರುತಿನ ಕೆಂಪು ಲೈಟು ಎಲ್ಲೈತೆ?”

“ಅದು ಉರಿಯಾದೇ ಇಲ್ಲ ಬಿಡವ್ವ. ಒಳ್ಳೇದಲ್ವಾ?” ಎಂದರು ಮಾವ.

“ಓಡುವಾಗ ಉರೀಬಾರ್ದು ಮಾವ. ಕೀ ತಿರುಗಿಸ್ದಾಗ ಉರೀಲೇಬೇಕು.” ಹಣೆ ಚಚ್ಚಿಕೊಂಡಳು. “ಎರಡು ಸಲಾನೂ ಮುಂದ್ಗಡೆ ನಿಂತ್ಕಂಡು ‘ಕೆಂಪು ಲೈಟು ಬಂತೇನ್ಲೇ’ ಅಂತ ದುರ್ಗೇಶನ್ನ ಕೇಳ್ದೆ. ‘ಇಲ್ಲಕ್ಕ’ ಅಂದ. ಅವ್ನು ನಿಜಾನೇ ಹೇಳ್ಯಾನೆ. ನಾನೇ ಬಗ್ಗಿ ನೋಡ್ಲಿಲ್ಲ.”

ಸ್ಪೀಡೋಮೀಟರ್ ಇರುವ ಫಲಕ ಬಿಚ್ಚಿ ಹಿಂದೆ ಬೆರಳಾಡಿಸಿದಳು. ಆ ಕೆಂಪು ದೀಪದ ಜಾಗ ಖಾಲಿ! ಮಾವ ಕೆಮ್ಮಿದರು.

“ಹೋದ ತಿಂಗಳು ದುರ್ಗಮ್ಮನ ಫೋಟೋ ಮುಂದಿನ ಬಲ್ಬು ಸುಟ್ಟೋಗಿತ್ತು. ಇದು ಒಂದಿನಾನೂ ಓಡುವಾಗ ಉರಿದಿದ್ದು ನೋಡ್ಲಿಲ್ಲ. ಕುಂತು ತಿನ್ನೋ ಬಲ್ಬು ಅಂತ ಕಿತ್ತು ಅಲ್ಲಿಗೆ ಹಾಕ್ದೆ.”

ಡ್ಯಾಶ್‌ಬೋರ್ಡಿನ ಮೇಲೆ ದುರ್ಗಮ್ಮ ನೆಮ್ಮದಿಯಾಗಿ ಬೆಳಗುತ್ತಿದ್ದಳು. ಮಂಗಳಕ್ಕ ಸ್ಟೇರಿಂಗ್ ಮೇಲೆ ತಲೆ ಇಟ್ಟು ನಕ್ಕಳು ನೋಡಿ, ಹಾರ್ನ್ ಕೂಡ ಕೂಗಿಬಿಟ್ಟಿತು.

“ದೇವ್ರ ದೀಪ ಕೀಳ್ಬ್ಯಾಡ ಕಣವ್ವ,” ಮಾವನಿಗೆ ಅದೇ ಚಿಂತೆ.

“ಅಮ್ಮನದು ಅಮ್ಮನಿಗೇ ಇರ್ಲಿ, ಇದಕ್ಕೆ ಬ್ಯಾರೆ ಐತೆ. ಹೊಳೆ ದಂಡೇಲಿ ಪಂಪು ಇಡ್ತೀರಲ್ಲ, ಮೊದ್ಲು ಒಂದು ಕೊಡ ನೀರು ಹುಯ್ದ್ರೇನೇ ಅದು ನೀರೆತ್ತೋದು. ಇದೂ ಹಂಗೇ. ಆ ಬಲ್ಬಿನ ದಾರೀಲಿ ಒಂಚೂರು ಕರೆಂಟು ಹೋದ್ರೇನೇ ಆಲ್ಟರ್ನೇಟರ್ ಎದ್ದು ಕೆಲ್ಸ ಹಿಡಿಯಾದು. ದುರ್ಗೇಶ ಜೋರಾಗಿ ರೇಸ್ ಮಾಡ್ದಾಗ ಹೆಂಗೋ ಏಳ್ತಿತ್ತು. ನೀವು ಪಕ್ಕದಾಗೆ ಕುಂತು ನಿಧಾನ, ನಿಧಾನ ಅಂತ ಓಡಿಸ್ಕಂಡ್ ಹೋದ್ರೆ ಎಲ್ಲಿಂದ ಎದ್ದೀತು?”

ಹೊಸ ಬಲ್ಬು ಕೂತಿತು. ಕೀ ತಿರುಗಿಸಿದಳು: ಕೆಂಪು ದೀಪ ಹತ್ತಿತು. ಎಂಜಿನ್ ಶುರುವಾಯಿತು: ದೀಪ ಆರಿತು. ಆಕ್ಸಿಲರೇಟರ್ ಮುಟ್ಟದೆಯೇ ನಾನು ತಂತಿ ಹಿಡಿದಿದ್ದ ಮೀಟರಿನಲ್ಲಿ ಮುಳ್ಳು ಹನ್ನೆರಡರಿಂದ ಹದಿನಾಲ್ಕಕ್ಕೆ ಏರಿ ನಿಂತಿತು.

ಅವಳು ಸೀದಾ ಬೀರೇಶನ ಅಂಗಡಿಗೆ ನಡೆದಳು. “ಎಲ್ರೂ ಕೇಳ್ರಿ. ಎರಡು ಸಲ ತಪ್ಪಿದ್ದೂ ನಾನೇ, ಮೂರನೇ ಸಲ ಹಿಡಿದಿದ್ದೂ ನಾನೇ. ಕಾರು ನಾಳೆ ಹಿರಿಯೂರಿಗೆ ಹೋಗಿ ಬರ್ತೈತೆ. ತಳ್ಳೋ ಆಸೆ ಇದ್ದೋರು ರೋಡಲ್ಲಿ ಕಾಯ್ರಿ.” ತಪ್ಪನ್ನೂ ಗೆಲುವನ್ನೂ ಒಂದೇ ಉಸಿರಿನಲ್ಲಿ, ತಲೆ ಎತ್ತಿಯೇ ಹೇಳಿದಳು. ನಮ್ಮೂರಿನ ಹೆಂಗಸು ಅಂತ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಂಜಲಿಯನ್ನು ಎತ್ತಿ ಹಿಡಿದು ತೋರಿಸಿದೆ.

ಕಾರು ಹಿರಿಯೂರಿಗೆ ಹೋಗಿ ಬಂತು, ಆಮೇಲೆ ಹೊಳಲ್ಕೆರೆಗೂ. ಮತ್ತೋಡಿನ ವ್ಯಾನು ಈ ವಾರ ಮತ್ತೆ ಅವಳ ಅಂಗಡಿ ಮುಂದೆಯೇ ನಿಂತಿತ್ತು.

ಇವತ್ತು ಸಂಜೆ ಮಂಗಳಕ್ಕ ಮನೆಗೆ ಬಂದಳು. ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟವಳು ಹೇಳಿದಳು:

“ಕಾವ್ಯ, ಒಂದು ಉಪಕಾರ ಮಾಡ್ತೀಯಾ? ಇಷ್ಟು ವರ್ಷ ಗಾಡಿ ಮುಂದೇನೇ ನಿಂತೆ. ಸೀಟಲ್ಲಿ ಕುಂತೋರು ಹೇಳಿದ್ದೇ ನಂಗೆ ಗೊತ್ತು. ಇನ್ನು ನಾನೇ ಓಡಿಸಿ ನೋಡ್ಬೇಕು. ಕಲಿಸ್ತೀಯಾ?”

“ಅದಕ್ಕೇನಕ್ಕ? ಹೊಲದ ಕಡೆ ದಾರೀಲಿ ಕಲಿಯಾಣ, ಅಲ್ಲಿ ಯಾರೂ ನೋಡಲ್ಲ.”

“ಯಾಕೆ, ಕದ್ದು ಕಲಿಯಾಕೆ ನಾನೇನು ತಪ್ಪು ಮಾಡೀನಿ? ಬಸ್ ಸ್ಟ್ಯಾಂಡ್ ಮುಂದಿಂದ್ಲೇ ಹೋಗಾಣ. ಬೆಳಿಗ್ಗೆ ಬೀರೇಶ ಅಂಗಡಿ ತೆಗೆಯೋ ಹೊತ್ತಿಗೆ ಬಾ.”