ಒಂಟಿ ಬೀಜ, ಜೋಡಿ ಬೀಜ

ಕಾಫಿ ಹಣ್ಣನ್ನು ಎರಡು ಬೆರಳಲ್ಲಿ ಒತ್ತಿದರೆ ಒಳಗಿಂದ ಎರಡು ಬೀಜ ಜಾರಿ ಬರುತ್ತವೆ. ಎರಡರದ್ದೂ ಒಂದು ಮಗ್ಗುಲು ಚಪ್ಪಟೆ, ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ. ಎಲ್ಲೋ ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ಬೀಜ, ಬಟಾಣಿಯ ಹಾಗೆ ಗುಂಡಗೆ. ಅದಕ್ಕೆ ನಾವು ಒಂಟಿ ಬೀಜ ಅನ್ನುತ್ತೇವೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕೊಯ್ಲಿಗೆ ಇಳಿದವಳು. ಜೋಡಿ ಎಷ್ಟು ಸಿಗುತ್ತದೆ, ಒಂಟಿ ಎಷ್ಟು ಅಪರೂಪ ಅನ್ನುವುದು ನನ್ನ ಬೆರಳಿಗೇ ಗೊತ್ತಿತ್ತು. ಅದನ್ನೇ ಇಟ್ಟುಕೊಂಡು ಎರಡು ಕೊಯ್ಲು ನನ್ನ ತಮ್ಮನಿಗೆ ಮೋಸ ಮಾಡಿದೆ.

ಆಗ ಅವನು ಒಂಬತ್ತನೇ ಕ್ಲಾಸು, ಆಮೇಲೆ ಹತ್ತು. ಯಸಳೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ನಮ್ಮದು ಚೂರು ತೋಟ, ಎಲ್ಲ ರೋಬಸ್ಟಾ. ಹಣ್ಣನ್ನು ಹಾಗೇ ಮನೆ ಮುಂದಿನ ಕಣದಲ್ಲಿ ಹರವಿ ಒಣಗಿಸುತ್ತೇವೆ. ಕೊಯ್ಲಿನ ದಿನಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಎಸ್ಟೇಟ್ ಕೆಲಸಕ್ಕೆ ಹೋಗಿಬಿಡುವುದರಿಂದ ಕಣ ಕಾಯಲು ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ದನ ನುಗ್ಗದ ಹಾಗೆ ನೋಡಬೇಕು, ಆಗಾಗ ಕಾಲಾಡಿಸಿ ಕಾಫಿ ಮಗುಚಬೇಕು, ಮೋಡ ಕಂಡರೆ ರಾಶಿ ಮಾಡಿ ಟಾರ್ಪಾಲು ಎಳೆಯಬೇಕು. ಆ ಕೆಲಸ ನನ್ನದೇ. ಆದರೆ ನನಗೆ ಮುಯ್ಯಾಳಿಗೆ ಹೋಗುವ ಆಸೆ. ನಾವು ನಾಲ್ಕೈದು ಮನೆಯ ಹೆಂಗಸರು ಸೇರಿ ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರದ್ದು ಅಂತ ಕೊಯ್ದುಕೊಡುತ್ತಿದ್ದೆವು. ಆ ಮಾತು, ಆ ನಗು, ನಡುವೆ ಯಾರೋ ತರುವ ಕಡುಬು. ಒಬ್ಬಳೇ ಕಣದಲ್ಲಿ ಕೂತರೆ ಅದೆಲ್ಲ ತಪ್ಪಿಹೋಗುತ್ತಿತ್ತು.

ಹಾಗಾಗಿ ಒಂದು ಬೆಳಿಗ್ಗೆ, ಅವನು ಬ್ಯಾಗು ಹಾಕಿಕೊಂಡು ಹೊರಟಾಗ ತಡೆದೆ. "ಹಣ್ಣು ಒಡಿ. ಒಂಟಿ ಬಂದ್ರೆ ನಾನು ಕಣದಾಗೆ ಕೂರ್ತೀನಿ, ನೀನು ಸ್ಕೂಲಿಗೋಗು. ಜೋಡಿ ಬಂದ್ರೆ ನೀನು ಕೂರು."

"ಸರಿ ಐತಾ ಇದು?" ಅಂದ.

"ಬರೋದು ಎರಡೇ ತಾನೆ ಕಣೋ? ಒಂದು ನಂದು, ಒಂದು ನಿಂದು. ಸಮಸಮ."

ಜೋಡಿ ಬಂತು. ಅವನು ಬ್ಯಾಗು ಇಳಿಸಿದ.

ಆಮೇಲೆ ಮುಯ್ಯಾಳಿಗೆ ಕರೆ ಬಂದಾಗೆಲ್ಲ ಅದೇ ಆಟ. ಒಂಟಿ ಕಡಿಮೆ ಅಂತ ಅವನೂ ಕಣ್ಣಾರೆ ನೋಡುತ್ತಿದ್ದ. ಆದರೆ ತನ್ನ ಕಣ್ಣಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ. "ಏನಕ್ಕಾ, ನಂಗೆ ಬರೋದೇ ಇಲ್ವಲ್ಲ" ಅಂದರೆ, "ನಿನ್ ಅದೃಷ್ಟ ಮಾರಾಯ, ನಾನೇನ್ ಮಾಡ್ಲಿ" ಅನ್ನುತ್ತಿದ್ದೆ. ಯಾವತ್ತಾದರೂ ಒಂಟಿ ಬಂದು ಅವನು ಕುಣಿದುಕೊಂಡು ಬಸ್ಸಿಗೆ ಓಡಿದರೆ ನನಗೂ ಒಳಗೊಳಗೇ ಖುಷಿಯಾಗುತ್ತಿತ್ತು. ನೋಡು, ಆಟದಲ್ಲಿ ಮೋಸವಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಅದೊಂದು ಸಾಕಾಗುತ್ತಿತ್ತು. ಸೋತವನು ದೂರು ಹೇಳಬಾರದು ಅನ್ನುವ ನಿಯಮವನ್ನೂ ನಾನೇ ಮಾಡಿದ್ದೆ, ಅವನು ಅದನ್ನೂ ಪಾಲಿಸಿದ. ಇವನಿಗೆ ಓದು ಹತ್ತುವುದಿಲ್ಲ, ಅದಕ್ಕೇ ಮನೆಯಲ್ಲಿ ಉಳಿಯುತ್ತಾನೆ ಅಂತ ಅಮ್ಮ ಬೈಯುವಾಗ ಅವನು ತಲೆ ತಗ್ಗಿಸಿ ಕೂತಿರುತ್ತಿದ್ದ. ನಾನು ಒಲೆ ಊದುತ್ತಿದ್ದೆ.

ಹತ್ತನೇ ಕ್ಲಾಸಿನ ಫಲಿತಾಂಶ ಬಂತು. ಎಲ್ಲ ಪಾಸು, ಗಣಿತ ಒಂದು ಹೋಗಿತ್ತು. ಎರಡನೇ ಪರೀಕ್ಷೆಗೆ ಕಟ್ಟಿಸಲು ಅವನ ಜೊತೆ ನಾನೇ ಸ್ಕೂಲಿಗೆ ಹೋದೆ. ಪಾಸಾಗದಿದ್ದರೆ ಎಸ್ಟೇಟಿಗೆ ಕಳಿಸುತ್ತೇನೆ ಅಂತ ಅಪ್ಪ ಹೇಳಿಯಾಗಿತ್ತು. ಅಪ್ಪ ಒಂದು ಸಲ ಹೇಳಿದರೆ ಮುಗಿಯಿತು.

ಗಣಿತದ ಮೇಡಂ ಒಳ್ಳೆಯವರು. "ಇವನಿಗೆ ಬೇರೆಲ್ಲ ಹೇಗೋ ನಡೆಯುತ್ತಮ್ಮ. ಸಂಭವನೀಯತೆ ಅಂತ ಒಂದು ಪಾಠ ಇದೆ, ಎಲ್ಲಕ್ಕಿಂತ ಸುಲಭದ್ದು. ಅಂಕ ಬರಬೇಕಾದದ್ದೇ ಅಲ್ಲಿ. ಆದರೆ ಇವನು ಏನು ಕೇಳಿದರೂ ಎರಡರಲ್ಲಿ ಒಂದು ಅಂತಾನೆ" ಅಂದು ಅವನ ಕಡೆ ತಿರುಗಿದರು. "ಹೇಳೋ, ಚೀಲದಲ್ಲಿ ಮೂರು ಕೆಂಪು ಚೆಂಡು, ಒಂದು ಬಿಳಿ. ನೋಡದೆ ಒಂದು ತೆಗೆದರೆ ಕೆಂಪು ಬರುವ ಸಂಭವ ಎಷ್ಟು?"

"ಅರ್ಧ, ಮೇಡಂ."

"ಯಾಕೋ?"

"ಕೆಂಪು ಬರಬೋದು, ಬಿಳಿ ಬರಬೋದು. ಎರಡೇ ಅಲ್ವಾ? ಸಮಸಮ."

"ಯಾರಪ್ಪ ನಿನಗೆ ಇದನ್ನ ಹೇಳಿಕೊಟ್ಟಿದ್ದು?"

"ನಮ್ಮಕ್ಕ" ಅಂದ. ಹೆಮ್ಮೆಯಿಂದಲೇ ಅಂದ.

ಮೇಡಂ ನನ್ನ ಮುಖ ನೋಡಿದರು. ಅಲ್ಲೇ ಹೇಳಬಹುದಿತ್ತು. ನಾನು ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂದೆ.

ಬಸ್ಸಿನಲ್ಲಿ ಅವನೇ ನನ್ನನ್ನು ಸಮಾಧಾನ ಮಾಡತೊಡಗಿದ. "ಬೇಜಾರ್ ಮಾಡ್ಕಬೇಡಕ್ಕ. ಮೇಡಂದು ಬುಕ್ಕಿನ ಲೆಕ್ಕ. ನೀನ್ ಹೇಳಿದ್ದು ತೋಟದ ಲೆಕ್ಕ, ಅದೇ ನಿಜ. ನನ್ ಅದೃಷ್ಟ ಸರಿ ಇಲ್ಲ ಅಷ್ಟೆ. ಪರೀಕ್ಷೆನಾಗೂ ಹಂಗೇ ಆಯ್ತು, ನಾ ಓದಿದ್ದು ಯಾವ್ದೂ ಬರ್ಲಿಲ್ಲ." ಕಿಟಕಿಯ ಆಚೆ ನೋಡುತ್ತಾ ಹೇಳಿದ. ತಾನು ಕೆಟ್ಟ ಅದೃಷ್ಟದವನು ಅಂತ ಆ ಹುಡುಗ ನಿಜಕ್ಕೂ ನಂಬಿಬಿಟ್ಟಿದ್ದ. ಸ್ಕೂಲು ತಪ್ಪಿಸಿದ್ದು ಒಂದು ತೂಕವಾದರೆ ಇದು ಇನ್ನೊಂದು.

ಮಾರನೇ ದಿನ ಬೆಳಿಗ್ಗೆ, ಮನೆಯ ಕಾಫಿ ಪುಡಿಗೆ ಅಂತ ಎತ್ತಿಟ್ಟಿದ್ದ ಒಣಗಿದ ಕಾಯಿಯನ್ನು ಮೊರದಲ್ಲಿ ತಂದು ಕಣದಲ್ಲಿ ಕೂತೆ. "ಬಾ ಇಲ್ಲಿ. ನೂರು ಎಣಿಸು" ಅಂದೆ.

"ಯಾಕೆ?"

"ಎಣಿಸು ಅಂದ್ರೆ ಎಣಿಸು."

ಅವನು ಎಣಿಸಿ ಕೊಟ್ಟ. ನಾನು ಗುಂಡುಕಲ್ಲಿನಿಂದ ಒಂದೊಂದನ್ನೇ ಮೆಲ್ಲಗೆ ಕುಟ್ಟಿ ಒಡೆದೆ. ಜೋಡಿ ಬಂದದ್ದಕ್ಕೆ ಒಂದು ಬೆಣಚುಕಲ್ಲು ಆ ಕಡೆ, ಒಂಟಿ ಬಂದದ್ದಕ್ಕೆ ಒಂದು ಈ ಕಡೆ ಇಡಲು ಅವನಿಗೆ ಹೇಳಿದೆ. ಮೊದಮೊದಲು ತಮಾಷೆ ಮಾಡುತ್ತಿದ್ದವನು ಬರಬರುತ್ತಾ ಎರಡೂ ಕಡೆ ತಿರುತಿರುಗಿ ನೋಡತೊಡಗಿದ. ಆ ಕಡೆ ಗುಡ್ಡೆ, ಈ ಕಡೆ ಹಿಡಿಯೂ ತುಂಬದಷ್ಟು. ಮುಗಿದ ಮೇಲೆ ಅವನೇ ಎಣಿಸಿದ. ಒಂಟಿ ಹನ್ನೊಂದು.

"ನೂರಕ್ಕೆ ಹನ್ನೊಂದು" ಅಂದ. ಕಲ್ಲುಗಳಿಂದ ಕಣ್ಣೆತ್ತಿ, "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಶುರುವಿಂದ್ಲೂ ಗೊತ್ತಿತ್ತು ಕಣೋ. ನಂಗೆ ಮುಯ್ಯಾಳಿಗೆ ಹೋಗ್ಬೇಕಿತ್ತು. ಅದಕ್ಕೆ ನಿಂಗೆ ಸುಳ್ಳು ಹೇಳ್ಬುಟ್ಟೆ."

ಬೈಯುತ್ತಾನೆ ಅಂದುಕೊಂಡೆ. ಬೈದರೆ ಚೆನ್ನಾಗಿತ್ತು. ಅವನು ಎದ್ದು ತೋಟದ ಕಡೆ ಹೋದ. ಊಟಕ್ಕೂ ಬರಲಿಲ್ಲ. ಅವನ ತಟ್ಟೆಗೆ ತಟ್ಟೆ ಮುಚ್ಚಿ, ಹೊಸಿಲ ಮೇಲೆ ಕೂತು ದಾರಿ ನೋಡಿದೆ. ಬಿಸಿಲು ಇಳಿಯುವ ಹೊತ್ತಿಗೆ ಬಂದು ಎದುರಿಗೆ ನಿಂತ.

"ಹಂಗಾರೆ ನನ್ ಅದೃಷ್ಟ ಕೆಟ್ಟಿಲ್ಲ?"

"ಇಲ್ಲ ಕಣೋ. ಕೆಟ್ಟಿರೋಳು ನಾನು."

"ಅದು ಬುಡು, ಊರಿಗೇ ಗೊತ್ತು" ಅಂದ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ತಟ್ಟೆ ಎಳೆದುಕೊಂಡು ಉಣ್ಣಲು ಕೂತ. ಎರಡು ತುತ್ತು ನುಂಗಿದ ಮೇಲೆ ತಾನಾಗಿಯೇ ಹೇಳಿದ, "ಮೇಡಂ ಚೀಲದಾಗೆ ಇರೋದು ನಾಲ್ಕು ಚೆಂಡು. ಬಣ್ಣ ಎರಡು, ಆದ್ರೆ ಕೈಗೆ ಸಿಗೋದು ಬಣ್ಣ ಅಲ್ಲ, ಚೆಂಡು. ನಾಲ್ಕರಾಗೆ ಮೂರು ಕೆಂಪು. ನಾಲ್ಕರಲ್ಲಿ ಮೂರು. ಅಲ್ವಾ?"

ನನಗೆ ಆ ಲೆಕ್ಕ ಬರೆಯಲು ಬಾರದು. ಆದರೆ ಸರಿ ಅಂತ ಗೊತ್ತಾಯಿತು. "ಹೂಂ" ಅಂದೆ, ಸಾರು ಬಡಿಸಿದೆ.

ಅಲ್ಲಿಂದ ಪರೀಕ್ಷೆಯವರೆಗೆ ಅವನು ಲೆಕ್ಕ ಮಾಡಿದ್ದೆಲ್ಲ ನನ್ನನ್ನು ಚುಚ್ಚಿಯೇ. ದಾಳ ಉರುಳಿಸಿ, "ಆರು ಬೀಳ್ಬೋದು, ಬೀಳ್ದೇ ಇರ್ಬೋದು, ಸಮಸಮ ಏನಕ್ಕಾ?" ಅಂತ ಕೇಳುವುದು. ನಾನು "ಆರರಲ್ಲಿ ಒಂದು, ಓದ್ಕೋ ಸುಮ್ನೆ" ಅನ್ನುವುದು. ಎಷ್ಟು ಬಗೆ ಅಂತ ಎಣಿಸುವ ಮೊದಲು, ಆ ಬಗೆಗಳೆಲ್ಲ ಬರಲು ಒಂದೇ ಸಮನಾಗಿ ಸಾಧ್ಯವೇ ಅಂತ ನೋಡಬೇಕು. ಪುಸ್ತಕದಲ್ಲಿ ಅದನ್ನು ಮೊದಲೇ ಹೇಳಿದ್ದಾರಂತೆ. ಆ ಪಾಠ ನಡೆದ ದಿನ ಅವನು ಕಣದಲ್ಲಿ ಕೂತಿದ್ದ. ಈಗ ಅವನು ಓದಿ ಹೇಳಿದ, ನಾನು ಕೇಳಿ ಕಲಿತೆ.

ನಡುವೆ ಅಪ್ಪ ಅಮ್ಮನಿಗೂ ಹೇಳಿದೆ. ಅಮ್ಮ, "ಇಷ್ಟು ದಿನ ಬೈಸ್ಕಂಡ್ನಲ್ಲೇ ಅವನು" ಅಂತ ನನ್ನ ತಲೆಗೊಂದು ಕೊಟ್ಟಳು. ಆ ಏಟು ಹಿತವಾಗಿತ್ತು ಅಂದರೆ ಯಾರೂ ನಂಬಲಾರರು.

ಅವನು ಪಾಸಾದ. ಹೆಚ್ಚೇನೂ ಅಲ್ಲ, ಪಾಸು. ಫೋನಿನಲ್ಲಿ ನೋಡಿ ಅವನು ಕೂಗಿದಾಗ ನಾನು ಕೊಟ್ಟಿಗೆಯಲ್ಲಿದ್ದೆ. ಸಗಣಿ ಕೈಯಲ್ಲೇ ಕಂಬ ಹಿಡಿದು ನಿಂತುಬಿಟ್ಟೆ. ಎಸ್ಟೇಟಿನ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಅವನೀಗ ಸಕಲೇಶಪುರದ ಕಾಲೇಜಿಗೆ ಹೋಗುತ್ತಾನೆ.

ಮೊನ್ನೆ ಕೊಯ್ಲಿನ ಒಂದು ಭಾನುವಾರ ಮುಯ್ಯಾಳಿಗೆ ಕರೆ ಬಂತು. ನಾನು ಕಣದಲ್ಲಿ ಉಳಿಯಲು ತಯಾರಾಗಿಯೇ ಇದ್ದೆ. ಅವನು ಹಣ್ಣೊಂದನ್ನು ಹಿಡಿದು ಬಂದ.

"ಆಡ್ತೀಯಾ? ಈ ಸಲ ಜೋಡಿ ನಂದು, ಒಂಟಿ ನಿಂದು."

"ನೂರಕ್ಕೆ ಹನ್ನೊಂದು ನಂದಾ?"

"ಸಮಸಮ ಕಣಕ್ಕ" ಅಂದ, ನಗು ತಡೆದು ಮುಖ ಗಂಟು ಹಾಕಿಕೊಂಡು.

ಒಡೆದೆ. ಜೋಡಿ. ಅವನು ಚೆಂಡು ಬ್ಯಾಟು ಎತ್ತಿಕೊಂಡು ಶಿಳ್ಳೆ ಹಾಕುತ್ತಾ ಹೋದ. ನಾನು ಚಪ್ಪಲಿ ಬಿಟ್ಟು ಕಣಕ್ಕಿಳಿದು, ಬಿಸಿಲಿಗೆ ಕಾದ ಕಾಫಿಯನ್ನು ಕಾಲಾಡಿಸಿ ಮಗುಚತೊಡಗಿದೆ.