ಮುದ್ರೆ ಬೀಳದ ಪತ್ರ

ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲು. ಹೊಲದ ಕೆಲಸದ ನಡುವೆ ಓದಿ ಗಳಿಸಿದ್ದು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅದೇ ಪದವಿಯನ್ನು ಇನ್ನೊಬ್ಬ ಕಳೆದುಕೊಂಡದ್ದು ನನ್ನಿಂದ. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಎಂಜಿನಿಯರಿಂಗ್ ಓದುತ್ತಿದ್ದೆ. ಸರಸ್ವತಿಪುರಂನ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಪೂರ್ವ ಆಫ್ರಿಕಾದಿಂದ ಬಂದ ಸಹಪಾಠಿ. ಅವನು ಕನ್ನಡ ಕಲಿತದ್ದು ನನ್ನಿಂದ. ಹೋಟೆಲಿನಲ್ಲಿ ಅವನು "ಎಂಗೈತೆ ಇವತ್ತು ಸಾರು?" ಎಂದರೆ ಬಡಿಸುವವರು ನನ್ನ ಕಡೆ ನೋಡಿ, "ಗುರುಗಳು ಯಾರು ಅಂತ ಗೊತ್ತಾಯ್ತು ಬಿಡಿ" ಎನ್ನುತ್ತಿದ್ದರು.

ಕೊನೆಯ ರಜೆಯಲ್ಲಿ ಕಾರ್ಖಾನೆಯೊಂದರಲ್ಲಿ ಎರಡು ತಿಂಗಳು ತರಬೇತಿ ಮುಗಿಸದಿದ್ದರೆ ಪದವಿ ಇಲ್ಲ. ನಮಗೆ ಕಾಲೇಜಿನ ಪತ್ರ ಸಾಕು. ಪರದೇಶದವರಿಗೆ ಅದರ ಮೇಲೆ ಪೊಲೀಸ್ ಕಚೇರಿಯ ಮುದ್ರೆಯೂ ಬೇಕಿತ್ತು, ಕೆಲಸಕ್ಕೆ ಕಾಲಿಡುವ ಮೊದಲೇ. ಇಬ್ಬರೂ ಹೋದೆವು. ಗುಮಾಸ್ತರು ಪತ್ರ ಓದಿ, ಬೇರೆ ಕಾಗದಗಳ ಮೇಲಿಟ್ಟು, ಅದರ ಮೇಲೊಂದು ಗಾಜಿನ ಗುಂಡು ಇಟ್ಟರು. ಮುಂದಿನವರ ಕಾಗದಕ್ಕೆ ಕೈ ಚಾಚಿದರು.

ನಮ್ಮೂರಿನ ಶಾನುಭೋಗರು ಅರ್ಜಿ ಕೈಗೆ ತೆಗೆದುಕೊಂಡರೆ ಕೆಲಸ ಆದಂತೆಯೇ. ಆಗದ್ದಾದರೆ ಮುಟ್ಟುತ್ತಲೇ ಇರಲಿಲ್ಲ. ಹಳ್ಳದ ಪಕ್ಕದ ತುಂಡು ಜಮೀನಿಗೆ ಅಪ್ಪ ಅರ್ಜಿ ಕೊಟ್ಟು ಮಾರನೆಯ ದಿನವೇ ನೇಗಿಲು ಹೂಡಿದ್ದ. ಕಾಗದ ಕೈಗೆ ಬರುವಾಗ ರಾಗಿ ಮೊಣಕಾಲುದ್ದ ಬೆಳೆದಿತ್ತು.

"ಸೀಲ್ ಬೀಳಲಿಲ್ವಲ್ಲೋ" ಎಂದ ಅವನು, ಪೊಲೀಸ್ ಕಚೇರಿಯಿಂದ ಹೊರಬಂದ ಮೇಲೆ.

"ಈಸ್ಕೊಂಡ್ರಲ್ಲ, ಆಯ್ತು ಅಂತಾನೇ. ಸೋಮವಾರ ಕಾರ್ಖಾನೆಗೆ ಬಂದ್ಬುಡು. ತಡ ಮಾಡಿದ್ರೆ ಜಾಗ ಬೇರೆಯವರ ಪಾಲು."

"ನಿಂಗೆ ಗೊತ್ತಾ, ಇಲ್ಲ ಸುಮ್ನೆ ಅಂತೀಯಾ?"

"ನಿಮ್ಮೂರಲ್ಲ ಕಣೋ ಇದು. ಇಲ್ಲಿ ಎಂಗೆ ನಡೀತದೆ ಅಂತ ನಂಗೆ ಗೊತ್ತು."

ಅವನು ಕೆಲಸಕ್ಕೆ ಸೇರಿದ ಎಂಟನೆಯ ದಿನ ಪೊಲೀಸ್ ಕಚೇರಿಯವರು ವಿಚಾರಣೆಗೆಂದು ಕಾರ್ಖಾನೆಗೆ ಬಂದರು. ಪತ್ರ ಇನ್ನೂ ಸಾಹೇಬರ ಮೇಜಿಗೇ ಹೋಗಿರಲಿಲ್ಲ. ಅವನು ಆಗಲೇ ಲೇತಿನ ಮುಂದೆ ನಿಂತಿದ್ದ. ಮರುದಿನ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು.

"ಅಪ್ಪಣೆ ಇಲ್ದೆ ಹೋಗಿ ಅಂತ ನಿಮಗ್ಯಾರು ಹೇಳಿದ್ರು? ಯಾರಾದ್ರೂ ದಾರಿ ತಪ್ಪಿಸಿದ್ರೆ ಹೇಳ್ರೀ, ಪೊಲೀಸರಿಗೆ ನಾನೇ ಬರೀತೀನಿ. ಇಲ್ದಿದ್ರೆ ತರಬೇತಿ ರದ್ದು."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನೀವು ಜೊತೇಲಿರೋರು. ನಿಮಗೇನಾದ್ರೂ ಗೊತ್ತೇನ್ರೀ?"

"ಇಲ್ಲ ಸಾರ್" ಎಂದೆ.

ಕಾಲೇಜು ನನಗೆ ಕೊಟ್ಟಿದ್ದ ಫೀಸಿನ ರಿಯಾಯಿತಿ ಹೋಗುತ್ತದೆ ಎಂಬ ಹೆದರಿಕೆ ಇತ್ತು, ನಿಜ. ಆದರೆ ಅದೇ ಕಾರಣವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಪಟ್ಟಣದ ಕಚೇರಿ ಹೇಗೆ ನಡೆಯುತ್ತದೆಂದೇ ತಿಳಿಯದ ಹಳ್ಳಿಯವ ಎಂದು ಆ ಕುರ್ಚಿಯ ಮುಂದೆ ಬಯಲಾಗುವುದು ನನಗೆ ಬೇಡವಾಗಿತ್ತು.

ಅವನು ನನ್ನನ್ನೊಮ್ಮೆ ನೋಡಿದ. "ನಾನೇ ತಪ್ಪು ತಿಳ್ಕೊಂಡೆ ಸಾರ್" ಎಂದ.

ತರಬೇತಿ ರದ್ದಾಯಿತು. ಅವನ ವಿದ್ಯಾರ್ಥಿವೇತನ ಆ ವರ್ಷಕ್ಕೇ ಮುಗಿಯುತ್ತಿತ್ತು. ಇನ್ನೊಂದು ರಜೆಯವರೆಗೆ ಕಾಯುವಂತಿರಲಿಲ್ಲ. ಊರಿಗೆ ಹೊರಟ. ಟ್ರಂಕಿಗೆ ಹಗ್ಗ ಬಿಗಿಯುವಾಗ ಒಂದು ತುದಿ ಹಿಡಿದುಕೊಂಡಿದ್ದವನು ನಾನು. ನಿಜ ಹೇಳಲು ಆಗಲೂ ಸಮಯವಿತ್ತು, ಪ್ರಿನ್ಸಿಪಾಲರ ಮನೆ ಕೃಷ್ಣಮೂರ್ತಿಪುರಂನಲ್ಲಿ, ಸೈಕಲ್ ಹತ್ತಿದರೆ ಹತ್ತು ನಿಮಿಷ.

ಗಂಟು ಬಿಗಿಯಾಯಿತೇ ಎಂದು ಕೇಳಿದೆ, ಅಷ್ಟೇ.