ದಿನಕ್ಕೊಂದೇ ಉಗುರು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಗಲ್ಲಿಯ ಕೊನೆಯ ಮನೆಯ ಅಡುಗೆಕೋಣೆಯಲ್ಲಿ, ಬರಿನೆಲದ ಮೇಲೆ ಕಾಲು ಚಾಚಿ ಕೂತ ಹೆಂಗಸೊಬ್ಬರು ಒಣಕಡ್ಡಿಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಾರೆ. ಕಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಟ್. ಕೈಯಲ್ಲಿರುವುದು ಪ್ರಾಣಿಗಳ ಉಗುರು ತೆಗೆಯುವ ಕಟರ್. ಪಕ್ಕದಲ್ಲಿ ಹಳೆಯ ಕಂಬಳಿಯ ಮೇಲೆ ಮಲಗಿದ ಕಪ್ಪು ಮುದಿನಾಯಿ ಪ್ರತಿ ಸದ್ದಿಗೂ ಕಿವಿ ಅಲುಗಿಸುತ್ತದೆ. ಅವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕಡ್ಡಿ ಕತ್ತರಿಸಲೆಂದೇ ಹುಟ್ಟಿದವರಂತೆ ಕೂತಿದ್ದಾರೆ.

"ಈ ಸದ್ದು ಅದಕ್ಕೆ ಗಡಿಯಾರದ ಸದ್ದಿನ ಥರ ಆಗ್ಬಿಡ್ಬೇಕು. ಇದ್ರೂ ಕೇಳಿಸಬಾರ್ದು. ಆಮೇಲೇನೇ ನಾನು ಕಾಲು ಮುಟ್ಟೋದು" ಎನ್ನುತ್ತಾರೆ ಮೆಲ್ಲಗೆ.

ಮನೆಮನೆಗೆ ಹೋಗಿ ಸಾಕುಪ್ರಾಣಿಗಳಿಗೆ ಸ್ನಾನ ಮಾಡಿಸಿ, ಕೂದಲು ಬಾಚಿ, ಕಿವಿ ಒರೆಸಿ, ಉಗುರು ತೆಗೆಯುವ ಇವರನ್ನು ಸುತ್ತಲಿನ ಬೀದಿಗಳಲ್ಲೆಲ್ಲ 'ಬಾಚಣಿಗೆ ಅಕ್ಕ' ಎಂದೇ ಕರೆಯುತ್ತಾರೆ. ಬೆಳಗಿನ ಜಾವ ಅವರಿಗೆ ಅಚ್ಚುಮೆಚ್ಚು. ಪ್ರಾಣಿಗಳಿಗೆ ಇನ್ನೂ ನಿದ್ದೆಯ ಮಂಪರು, ಮನೆಯವರ ಗಲಾಟೆಯೂ ಶುರುವಾಗಿರುವುದಿಲ್ಲ.

ಈ ನಾಯಿಯ ಹೆಸರು ದೊರೆ. ಮನೆಯ ಯಜಮಾನರು ದರ್ಜಿ, ಜೀವನವಿಡೀ ಕತ್ತರಿ ಹಿಡಿದವರು. ಬಟ್ಟೆಯೇನು, ಉಗುರೇನು, ಎಲ್ಲ ಒಂದೇ ಎಂದುಕೊಂಡು ಕಳೆದ ವರ್ಷ ಅಂಗಡಿಯ ಕತ್ತರಿಯಿಂದಲೇ ದೊರೆಯ ಉಗುರು ಕತ್ತರಿಸಲು ಹೋದರು. ಕಪ್ಪು ಉಗುರಿನೊಳಗೆ ಜೀವ ಎಲ್ಲಿಯವರೆಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬಲಮುಂಗಾಲಿನ ಉಗುರು ಆಳಕ್ಕೆ ತುಂಡಾಗಿ ನೆಲವೆಲ್ಲ ರಕ್ತವಾಯಿತು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ನಮ್ಮ ಮಾವ" ಎಂದು ಸೊಸೆ ಬಾಗಿಲಲ್ಲಿ ನಿಂತು ಛೇಡಿಸುತ್ತಾರೆ. ಯಜಮಾನರು ನಗುವುದಿಲ್ಲ. ಅಂದಿನಿಂದ ದೊರೆ ಯಾರಿಗೂ ಕಾಲು ಕೊಟ್ಟಿಲ್ಲ. ಯಜಮಾನರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರೆ ಸಾಕು, ಮೇಜಿನಡಿ ಸೇರುತ್ತದೆ. ಅವರ ಮಂಚದ ಕೆಳಗೇ ಮಲಗುತ್ತಿದ್ದ ನಾಯಿ ಅದು.

ಆ ಉಗುರು ಈಗ ಕೊಕ್ಕೆಯಂತೆ ಬಾಗಿ ಪಾದದ ಮೆತ್ತೆಗೆ ತಾಗಿದೆ. ಇನ್ನಷ್ಟು ಬೆಳೆದರೆ ಮಾಂಸದೊಳಗೆ ಇಳಿದು ಕೀವಾಗುತ್ತದೆ, ನಡೆಯುವುದೂ ನಿಂತೀತು. ಮಂಪರು ಬರಿಸಿ ಕತ್ತರಿಸೋಣವೆಂದರೆ ಈ ವಯಸ್ಸಿಗೆ ಹೃದಯ ತಡೆದುಕೊಳ್ಳುವ ನಂಬಿಕೆಯಿಲ್ಲ ಎಂದಿದ್ದಾರೆ ವೈದ್ಯರು. ಎಚ್ಚರವಿರುವಾಗಲೇ ಆಗಬೇಕು, ಅದೂ ಬೇಗ.

ಬೇಗ ಎಂದಾಗಲೇ ನಿಧಾನ ಮಾಡಬೇಕೆನ್ನುವುದು ಅಕ್ಕನ ಹಟ. ಒಂದು ಭೇಟಿಗೆ ಒಂದೇ ಉಗುರು. ನಾಯಿ ಎಷ್ಟೇ ಸುಮ್ಮನಿದ್ದರೂ ಎರಡನೆಯದಕ್ಕೆ ಕೈಹಾಕುವುದಿಲ್ಲ. "ಇವತ್ತು ಸಾಕು ಅಂತ ಅದಕ್ಕಿಂತ ಮುಂಚೆ ನಾವೇ ಅಂದ್ಬಿಡ್ಬೇಕು. ಆಗ ನಾಳೆ ಬಾಗಿಲು ತೆಗೆಯುತ್ತೆ." ಮೊದಲೆರಡು ದಿನ ಬರೀ ಕಡ್ಡಿ ಕತ್ತರಿಸಿ ಎದ್ದು ಹೋಗಿದ್ದರು. ಆಮೇಲೆ ಹಿಂಗಾಲು, ಎಡಮುಂಗಾಲು. ಬಲಮುಂಗಾಲು ಮಾತ್ರ ದೊರೆಯ ಎದೆಯಡಿ ಅಡಗಿಯೇ ಇದೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ಪೊರಕೆ ಹಿಡಿದು. ಮನೆಗೆಲಸದ ದಿನಗಳಲ್ಲಿ ಒಂದು ಮನೆಯ ಸೋಫಾದಿಂದ ದಿನವೂ ಬೊಗಸೆಗಟ್ಟಲೆ ಕೂದಲು ತೆಗೆಯಬೇಕಿತ್ತು. "ಸೋಫಾ ಗುಡಿಸೋ ಬದ್ಲು ನಾಯೀನೇ ಬಾಚಿದ್ರೆ ಆಯ್ತಲ್ಲ ಅನ್ನಿಸ್ತು. ಸೋಮಾರಿತನಕ್ಕೆ ಶುರು ಮಾಡಿದ್ದು" ಎಂದು ನಗುತ್ತಾರೆ. ಬಾಚುತ್ತ ಬಾಚುತ್ತ ಕೈಗೆ ಉಣ್ಣಿ ಸಿಕ್ಕಿತು, ಹುಣ್ಣು ಸಿಕ್ಕಿತು, ಕಿವಿಯ ವಾಸನೆ ಸಿಕ್ಕಿತು. ಮೂಕಪ್ರಾಣಿಯ ನೋವು ಮೈಯ ಮೇಲೇ ಇರುತ್ತದೆ, ಮುಟ್ಟುವವರು ಬೇಕಷ್ಟೆ. ಗಂಟು ಬಿದ್ದ ಕೂದಲಿಗೆ ನೀರು ಹಾಕಿದರೆ ಗಂಟು ಇನ್ನೂ ಬಿಗಿಯುತ್ತದೆ, ಮೊದಲು ಬಾಚಿ ಆಮೇಲೆ ಸ್ನಾನ ಮಾಡಿಸಬೇಕೆಂಬುದನ್ನು ಮಾಡಿ ಕೆಡಿಸಿಯೇ ಕಲಿತರು.

ಈಗ ದಿನಕ್ಕೆ ಮೂರು ಮನೆ. ಬೆಕ್ಕಿದ್ದರೆ ಒಂದೇ, "ಅವುಗಳ ಮರ್ಜಿ ಕಾಯ್ಬೇಕು" ಎನ್ನುತ್ತಾರೆ. ಬಚ್ಚಲಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ, ಕೈತುಂಬ ಗೀರು. ಬೊಗಳುವ ನಾಯಿ ಕಚ್ಚುವುದಿಲ್ಲವಂತಲ್ಲ ಎಂದರೆ, "ಆ ಗಾದೆ ಕಟ್ಟಿದವ್ರು ನಾಯಿಗೆ ಸ್ನಾನ ಮಾಡಿಸಿರಲ್ಲ ಬಿಡಿ" ಎಂದು ಮೊಣಕೈ ತೋರಿಸುತ್ತಾರೆ. ಮೊದಮೊದಲು ನಾದಿನಿ ಇವರ ಪಕ್ಕ ಕೂರುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದಳಂತೆ. "ಈಗ ಅವಳೂ ಬೆಕ್ಕು ಸಾಕಿದಾಳೆ. ನನ್ ಕೈಲಿ ಪುಕ್ಕಟೆ ಚಾಕರಿ ಮಾಡಿಸ್ಕೋತಾಳೆ!"

ಕಿಟಕಿಯಲ್ಲಿ ಬೆಳಕು ಮೂಡುತ್ತದೆ. ಅಕ್ಕ ಕಡ್ಡಿ ಕತ್ತರಿಸುವುದನ್ನು ನಿಲ್ಲಿಸಿ, ಕಟರನ್ನು ಹೊಸ್ತಿಲಾಚೆ ನಿಂತ ಯಜಮಾನರ ಕಡೆ ಚಾಚುತ್ತಾರೆ.

"ಕನ್ನಡಕ ತೆಗೆದಿಟ್ಟು ಬನ್ನಿ. ಇವತ್ತು ಕಡ್ಡಿ ನೀವು ಕತ್ತರಿಸಿ."

"ನಾನು ಬಂದ್ರೆ ಎದ್ದು ಹೋಗುತ್ತಮ್ಮಾ."

"ಹೋದ್ರೆ ಹೋಗ್ಲಿ, ನಾಳೆ ನೋಡೋಣ. ಅದು ಹೆದರ್ಕೊಂಡಿರೋದು ಕತ್ತರಿಗಲ್ಲ ಯಜಮಾನ್ರೇ, ನಿಮಗೆ."

ಎಲ್ಲರೆದುರು ಆಡಿದ ಮಾತು. ಯಜಮಾನರ ಮುಖ ಬಾಡುತ್ತದೆ. ಆದರೂ ಕನ್ನಡಕ ತೆಗೆದಿಟ್ಟು, ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂರುತ್ತಾರೆ. ಕಟರ್ ಪಡೆದು ಒಂದು ಒಣಕಡ್ಡಿ ಎತ್ತಿಕೊಳ್ಳುತ್ತಾರೆ. ಕಟ್. ದೊರೆ ಎದ್ದು ನಿಲ್ಲುತ್ತದೆ. ಮತ್ತೆ ಕಟ್. ನಾಯಿ ಮೇಜಿನ ಕಡೆ ನೋಡುತ್ತದೆ, ಯಜಮಾನರ ಕಡೆ ನೋಡುತ್ತದೆ. ಬಹಳ ಹೊತ್ತಾದ ಮೇಲೆ ಅಲ್ಲೇ ಕುಸಿದು, ಬಲಗಾಲು ಮುಂದಕ್ಕೆ ಚೆಲ್ಲಿ ಮಲಗುತ್ತದೆ.

"ಅಂಗೈ ಕೆಳಗಿಡಿ. ಹಿಡೀಬೇಡಿ, ಬರೀ ಇಡಿ" ಎಂದು ಅಕ್ಕ ಕಟರ್ ತಿರುಗಿ ಪಡೆಯುತ್ತಾರೆ. ದೊರೆಯ ಕಾಲು ಯಜಮಾನರ ಅಂಗೈ ಮೇಲೆ. ಅಕ್ಕ ಕೊಕ್ಕೆಯ ತುದಿಯನ್ನಷ್ಟೇ ತೆಳ್ಳಗೆ ಕತ್ತರಿಸುತ್ತಾರೆ, ಇನ್ನೊಂದು ಎಳೆ, ಮತ್ತೊಂದು. ಉಗುರು ಮೆತ್ತೆಯನ್ನು ಬಿಟ್ಟು ಮೇಲಾಗುತ್ತದೆ. ಅಲ್ಲಿ ಕೆಂಪಾಗಿದೆ, ತೂತಾಗಿಲ್ಲ. ನಾಯಿ ಆಕಳಿಸುತ್ತದೆ.

ಅಕ್ಕ ಚೀಲದಿಂದ ಉಗುರು ಉಜ್ಜುವ ಪುಟ್ಟ ಅರವೊಂದನ್ನು ತೆಗೆದು ಯಜಮಾನರಿಗೆ ಕೊಡುತ್ತಾರೆ. "ಚೂಪು ಉಳಿದಿದೆ, ನೀವೇ ಉಜ್ಜಿ. ವಾರಕ್ಕೆರಡು ಸಲ ಹೀಗೇ ಮಾಡ್ತಿದ್ರೆ ಕಟರ್ ಕಡೆ ಹೋಗೋದೇ ಬೇಡ."

ಇನ್ನೊಂದು ಮನೆಯಲ್ಲಿ ಸ್ನಾನ ಕಾಯುತ್ತಿದೆ. ಚೀಲ ಕಟ್ಟುವಾಗ, ಮತ್ತೆ ಯಾವಾಗ ಬರ್ತೀರಿ ಎಂದು ಸೊಸೆ ಕೇಳುತ್ತಾರೆ.

"ಸ್ನಾನಕ್ಕೆ ಕರೀರಿ, ಬರ್ತೀನಿ, ಹೊಟ್ಟೆಪಾಡು ನೋಡ್ಬೇಕಲ್ಲ. ಉಗುರಿಗೆ ಇನ್ನು ನಾನು ಬೇಡ." ಚೀಲ ಹೆಗಲಿಗೇರಿಸಿ ಹೇಳುತ್ತಾರೆ: "ನಂಗಿರೋ ಆಸೆ ಇಷ್ಟೇ. ಅವರವರ ನಾಯಿ ಅವರವರ ಕೈಗೇ ಕಾಲು ಕೊಡ್ಬೇಕು."

ಯಜಮಾನರು ಬೀಳ್ಕೊಡಲು ಏಳಹೋಗುತ್ತಾರೆ. ಅಕ್ಕ ತಡೆಯುತ್ತಾರೆ.

"ಕೂತಿರಿ, ಕೂತಿರಿ. ನಿಮ್ಮ ಕೈಮೇಲೇ ನಿದ್ದೆ ಹೋಗ್ಬಿಟ್ಟಿದೆ ನೋಡಿ."